ಹದಿನೆಂಟು ಅಂಕಗಳ ಅಂತರ: ತುಮಕೂರಿನಿಂದ ಸಾಲ್ಟ್ ಲೇಕ್‌ವರೆಗೆ

ಮಾರ್ಚ್ 29, ಶನಿವಾರ: ತುಮಕೂರು – ಬೆಂಗಳೂರು

2024-25ರ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್ ಟೂರ್ನಿ ಸೆಪ್ಟೆಂಬರ್ 13ರಂದು ಕೋಲ್ಕತ್ತದಲ್ಲಿ ಶುರುವಾಯಿತು; ಹದಿಮೂರು ತಂಡಗಳು ತಲಾ 24 ಪಂದ್ಯಗಳನ್ನು ಆಡಿ ಮುಗಿಸುವ ಹೊತ್ತಿಗೆ ಮಾರ್ಚ್ ತಿಂಗಳ ಎರಡನೆಯ ವಾರ ಬಂದಿತ್ತು. ಮೋಹನ್ ಬಾಗನ್ 56 ಅಂಕ ಗಳಿಸಿ, ಪಟ್ಟಿಯ ಮೊದಲ ಸ್ಥಾನಕ್ಕೆ ಕೊಡುವ ಲೀಗ್ ಶೀಲ್ಡ್ ಪಡೆಯಿತು, ಗೋವಾ 48 ಅಂಕಗಳೊಡನೆ ಎರಡನೆಯ ಸ್ಥಾನದಲ್ಲಿ ನಿಂತಿತು, ನಮ್ಮ ಬೆಂಗಳೂರು ಎಫ್‌ಸಿ 38 ಅಂಕಗಳೊಡನೆ ಮೂರನೆಯದಾಯಿತು. ಆರು ತಿಂಗಳ ಈ ಲೆಕ್ಕಾಚಾರದ ನಂತರವೂ ಕಪ್ ಯಾರದೆಂದು ತೀರ್ಮಾನವಾಗಿರಲಿಲ್ಲ. ಆ ಋತುವಿನ ನಿಯಮದಂತೆ ಮೊದಲ ಎರಡು ತಂಡಗಳು ನೇರವಾಗಿ ಸೆಮಿಫೈನಲ್‌ಗೆ ಹೋದವು. ಮೂರರಿಂದ ಆರನೆಯ ಸ್ಥಾನದವರೆಗಿನ ನಾಲ್ಕು ತಂಡಗಳು ಒಂದೊಂದೇ ಪಂದ್ಯದ ಪ್ಲೇಆಫ್ ಆಡಬೇಕಿತ್ತು. ಸೆಮಿಫೈನಲ್ ಮಾತ್ರ ಎರಡು ಪಂದ್ಯಗಳದ್ದು, ತವರಿನಲ್ಲೊಂದು, ಎದುರಾಳಿಯ ಊರಿನಲ್ಲೊಂದು; ಎರಡರ ಗೋಲುಗಳ ಒಟ್ಟು ಲೆಕ್ಕದಲ್ಲಿ ತೀರ್ಮಾನ. ಹಾಗಾಗಿ ಯುಗಾದಿಯ ಮುನ್ನಾದಿನ, ಬೆಂಗಳೂರಿನ ಜನವೆಲ್ಲ ಊರುಗಳತ್ತ ಮುಖ ಮಾಡಿದ್ದಾಗ, ನಾವು ಬೆಂಗಳೂರಿನತ್ತ ಹೊರಟೆವು.

ನಾವು ಎಂದರೆ ನಾನು, ಎಂಜಿನಿಯರಿಂಗ್ ಓದುತ್ತಿರುವ ನನ್ನ ಅಕ್ಕನ ಮಗ, ಮತ್ತು ಕ್ಯಾತ್ಸಂದ್ರದಲ್ಲಿ ನೆಲೆಸಿರುವ ನಿವೃತ್ತ ಪಿ.ಟಿ. ಮೇಷ್ಟ್ರು. ಮೇಷ್ಟ್ರಿಗೆ ಪ್ಲೇಆಫ್ ಎಂಬ ಏರ್ಪಾಡಿನ ಮೇಲೆಯೇ ಸಿಟ್ಟು. ಬಟವಾಡಿಯಲ್ಲಿ ಬಸ್ಸು ಹತ್ತಿದಾಗಿನಿಂದಲೂ ಅವರು ಅದನ್ನೇ ಹೇಳುತ್ತಿದ್ದರು.

“ಇಡೀ ವರ್ಷ ಓದಿ ಪಾಸಾದವನನ್ನೂ ಫೇಲಾದವನನ್ನೂ ಮತ್ತೆ ಒಂದೇ ಬೆಂಚಿನ ಮೇಲೆ ಕೂರಿಸಿ ಪರೀಕ್ಷೆ ಬರೆಸುತ್ತಾರಲ್ಲಪ್ಪ, ಇದು ಯಾವ ನ್ಯಾಯ?”

“ಮೇಷ್ಟ್ರೇ, ಆ ಫೇಲಾದವರ ಗುಂಪಿನಲ್ಲಿ ನಮ್ಮ ತಂಡವೂ ಇದೆ. ಸ್ವಲ್ಪ ಮೆಲ್ಲಗೆ ಹೇಳಿ” ಎಂದು ಹುಡುಗ ನಕ್ಕ.

ರಾಷ್ಟ್ರೀಯ ಹೆದ್ದಾರಿಯಲ್ಲಿ ನಮ್ಮ ಕಡೆಯ ರಸ್ತೆ ಖಾಲಿಯಾಗಿತ್ತು. ಎದುರಿನ ರಸ್ತೆಯಲ್ಲಿ ದಾಬಸ್‌ಪೇಟೆಯಿಂದ ನೆಲಮಂಗಲದವರೆಗೆ ಕಾರುಗಳು, ಹೆಚ್ಚುವರಿ ಬಸ್ಸುಗಳು, ಹಿಂಬದಿಯಲ್ಲಿ ಚೀಲ ಕಟ್ಟಿಕೊಂಡ ಬೈಕುಗಳು ಒಂದಕ್ಕೊಂದು ಅಂಟಿಕೊಂಡಂತೆ ತೆವಳುತ್ತಿದ್ದವು. 2024ರ ನವೆಂಬರಿನಲ್ಲಿ ಹಸಿರು ಮಾರ್ಗದ ಮೆಟ್ರೊ ನಾಗಸಂದ್ರದಿಂದ ಮಾದಾವರದವರೆಗೆ ಬಂದ ಮೇಲೆ ತುಮಕೂರಿನವರಿಗೆ ಕಂಠೀರವ ಕ್ರೀಡಾಂಗಣ ಒಂದು ಗಂಟೆಯಷ್ಟು ಹತ್ತಿರವಾದಂತಾಗಿದೆ. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಮೊದಲರ್ಧ ಕಳೆದುಕೊಳ್ಳುವ ಭಯವಿಲ್ಲ. ಮಾದಾವರದಲ್ಲಿ ಇಳಿದು ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ, ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಹೊರಬಂದರೆ ಉಳಿದದ್ದು ನಡಿಗೆ. ಫೆಬ್ರುವರಿಯಲ್ಲಿ ಏರಿದ ಮೆಟ್ರೊ ದರದ ಬಗ್ಗೆ ಮೇಷ್ಟ್ರು ಬೇರೆಯದೇ ಒಂದು ಭಾಷಣ ಮಾಡಿದರು. ಅದನ್ನು ಇಲ್ಲಿ ಬಿಡುತ್ತೇನೆ.

ಎದುರಾಳಿ ಮುಂಬೈ ಸಿಟಿ, ಹಿಂದಿನ ವರ್ಷದ ಕಪ್ ವಿಜೇತ ತಂಡ. ಮಾರ್ಚ್ 11ರಂದು ಲೀಗ್ ಹಂತದ ಕೊನೆಯ ಪಂದ್ಯದಲ್ಲಿ ಇದೇ ಮುಂಬೈ ಇದೇ ಕಂಠೀರವಕ್ಕೆ ಬಂದು 2–0ಯಿಂದ ಗೆದ್ದು ಆರನೆಯ ಸ್ಥಾನವನ್ನು ಭದ್ರಪಡಿಸಿಕೊಂಡಿತ್ತು. ಆ ತಂಡಕ್ಕೂ ನಮಗೂ ಅಂಕಪಟ್ಟಿಯಲ್ಲಿದ್ದ ವ್ಯತ್ಯಾಸ ಎರಡೇ. ಹೀಗಾಗಿ ಜನ ಅಳುಕಿನಿಂದಲೇ ಬಂದಿದ್ದರು, ಹಬ್ಬದ ಕಾರಣ ಆಸನಗಳೂ ಅಲ್ಲಲ್ಲಿ ಖಾಲಿಯಿದ್ದವು. ಒಂಬತ್ತನೆಯ ನಿಮಿಷದಲ್ಲಿ ಸುರೇಶ್ ಸಿಂಗ್ ವಾಂಗ್ಜಮ್ ಹೊಡೆದ ಗೋಲು ಆ ಅಳುಕನ್ನು ಕಳೆಯಿತು. ವಿರಾಮಕ್ಕೆ ಮುನ್ನ ಎಡ್ಗರ್ ಮೆಂಡೆಜ್ ಪೆನಾಲ್ಟಿಯಲ್ಲಿ ಎರಡನೆಯದನ್ನು ಸೇರಿಸಿದರು. ನಂತರ ರಯಾನ್ ವಿಲಿಯಮ್ಸ್, ಬದಲಿಯಾಗಿ ಬಂದ ಸುನಿಲ್ ಚೆಟ್ರಿ, ಪೆರೇರಾ ಡಯಾಜ್. ಕೊನೆಗೆ 5–0.

ಹದಿನೆಂಟು ದಿನಗಳ ಅಂತರದಲ್ಲಿ, ಅದೇ ಹುಲ್ಲಿನ ಮೇಲೆ, ಅದೇ ಎರಡು ತಂಡಗಳ ನಡುವೆ 0–2 ಮತ್ತು 5–0. ಮೇಷ್ಟ್ರು ಇದನ್ನು ತಮ್ಮ ವಾದಕ್ಕೆ ಸಾಕ್ಷಿಯಾಗಿ ಬಳಸಿಕೊಂಡರು, ಹುಡುಗ ತನ್ನ ವಾದಕ್ಕೆ. ನನಗೆ ಇಬ್ಬರೂ ಸರಿಯೆನಿಸಿದರು. ರಾತ್ರಿ ಮೆಜೆಸ್ಟಿಕ್‌ನಲ್ಲಿ ದೂರದೂರಿನ ಬಸ್ಸಿನ ಕಂಡಕ್ಟರುಗಳು “ತುಮಕೂರಿನವರು ಹತ್ತಬೇಡಿ” ಎಂದು ಕೂಗುತ್ತಿದ್ದರು. ಹಬ್ಬದ ನೂಕುನುಗ್ಗಲಿನಲ್ಲಿ ಚಿತ್ರದುರ್ಗಕ್ಕೂ ಶಿವಮೊಗ್ಗಕ್ಕೂ ಹೋಗುವವರ ನಡುವೆ ಎಪ್ಪತ್ತು ಕಿಲೋಮೀಟರಿನ ಪ್ರಯಾಣಿಕನಿಗೆ ಬೆಲೆಯಿಲ್ಲ. ಏಳೂವರೆಗೆ ಪಂದ್ಯ ಶುರುಮಾಡುವವರು ಟಿವಿಯ ಮುಂದೆ ಕೂತವರನ್ನು ನೆನೆಯುತ್ತಾರೆಯೇ ಹೊರತು ಹೊರ ಜಿಲ್ಲೆಗಳಿಂದ ಬಂದು ರಾತ್ರಿಯೇ ವಾಪಸಾಗಬೇಕಾದವರನ್ನಲ್ಲ.

ಮಾರ್ಚ್ 30ರಿಂದ ಏಪ್ರಿಲ್ 1: ತುಮಕೂರು

ಭಾನುವಾರ ಯುಗಾದಿ, ಸೋಮವಾರ ಹೊಸತೊಡಕು ಮತ್ತು ರಂಜಾನ್ ಎರಡೂ ಒಟ್ಟಿಗೆ, ಮಂಗಳವಾರ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮೀಜಿಯವರ ಜಯಂತಿ. ಊರಿನಲ್ಲಿ ಫುಟ್‌ಬಾಲ್ ಮಾತಿಗೆ ಜಾಗವಿರಲಿಲ್ಲ. ಬೇವು-ಬೆಲ್ಲವನ್ನು ಪಂದ್ಯಗಳಿಗೆ ಹೋಲಿಸುವ ಕೆಲಸವನ್ನು ಪತ್ರಿಕೆಯವರಿಗೇ ಬಿಟ್ಟು ನಾನು ಒಬ್ಬಟ್ಟಿನತ್ತ ಗಮನ ಕೊಟ್ಟೆ. ಯುಗಾದಿಯ ರಾತ್ರಿ ಶಿಲ್ಲಾಂಗ್‌ನಲ್ಲಿ ಜಮ್ಶೆಡ್‌ಪುರ ತಂಡ ನಾರ್ತ್‌ಈಸ್ಟ್ ಯುನೈಟೆಡ್ ತಂಡವನ್ನು 2–0ಯಿಂದ ಸೋಲಿಸಿತು. ಲೀಗಿನಲ್ಲಿ 23 ಗೋಲು ಹೊಡೆದಿದ್ದ ಅಲಾದಿನ್ ಅಜಾರಿಯ ತಂಡ ಒಂದೇ ಸಂಜೆಯಲ್ಲಿ ಮನೆಗೆ ಹೋಯಿತು. ಸೆಮಿಫೈನಲಿನಲ್ಲಿ ನಮಗೆ ಗೋವಾ, ಮೋಹನ್ ಬಾಗನ್‌ಗೆ ಜಮ್ಶೆಡ್‌ಪುರ ಎಂದು ನಿಶ್ಚಯವಾಯಿತು.

ಏಪ್ರಿಲ್ 2, ಬುಧವಾರ: ಬೆಂಗಳೂರು

ಈ ಬಾರಿ ರೈಲಿನಲ್ಲಿ ಹೋದೆವು. ಕಂಠೀರವದ ಹೊರಗೆ ಸಮಯವಿತ್ತು, ಮೇಷ್ಟ್ರು ಹುಡುಗನಿಗೆ ಜಾಗದ ಚರಿತ್ರೆ ಹೇಳಿದರು. ಈ ಕ್ರೀಡಾಂಗಣ ನಿಂತಿರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಕೆರೆಯ ಅಳಿದುಳಿದ ತುಂಡು ಪಕ್ಕದಲ್ಲಿ ಸಣ್ಣ ಕೊಳವಾಗಿ ಉಳಿದಿದೆ, ಬೆಂಗಳೂರು ಕರಗದ ವಿಧಿಗಳಿಗೆ ಇಂದಿಗೂ ಆ ನೀರೇ ಬೇಕು. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಸಜ್ಜಾದ ಈ ಮೈದಾನ ಅಥ್ಲೆಟಿಕ್ಸ್‌ಗೆ ಕಟ್ಟಿದ್ದು. ಆದ್ದರಿಂದ ಪ್ರೇಕ್ಷಕರಿಗೂ ಆಟಕ್ಕೂ ನಡುವೆ ಎಂಟು ಸಾಲಿನ ಓಟದ ಪಥ ಇದೆ. ಟಿವಿಯಲ್ಲಿ ಕಾಣುವ ಮುಖಭಾವಗಳು ಇಲ್ಲಿ ಕಾಣುವುದಿಲ್ಲ. ಬದಲಿಗೆ ಟಿವಿಯಲ್ಲಿ ಕಾಣದ್ದೊಂದು ಕಾಣುತ್ತದೆ: ಚೆಂಡು ಇಲ್ಲದ ಕಡೆ ಹಿಂಬದಿಯ ನಾಲ್ವರು ಒಂದೇ ಹಗ್ಗಕ್ಕೆ ಕಟ್ಟಿದವರಂತೆ ಮುಂದಕ್ಕೂ ಹಿಂದಕ್ಕೂ ಸರಿಯುವ ರೀತಿ. ಪಶ್ಚಿಮದ ಗ್ಯಾಲರಿಯ ನೀಲಿ ಪಡೆ, ವೆಸ್ಟ್ ಬ್ಲಾಕ್ ಬ್ಲೂಸ್, ತೊಂಬತ್ತು ನಿಮಿಷವೂ ನಿಂತೇ ಹಾಡುತ್ತದೆ. ಅದರ ಪಕ್ಕದಲ್ಲಿ ಕೂತರೆ ಮಾತುಕತೆ ಸಾಧ್ಯವಿಲ್ಲ.

ಎದುರಿನ ತಂಡದ ಬೆಂಚಿನಲ್ಲಿ ಮನೋಲೊ ಮಾರ್ಕೆಜ್ ಇದ್ದರು. ಇದರಲ್ಲೊಂದು ಸ್ವಾರಸ್ಯವಿದೆ. 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಆಡಿ ಅಂತರರಾಷ್ಟ್ರೀಯ ಫುಟ್‌ಬಾಲಿಗೆ ವಿದಾಯ ಹೇಳಿದ್ದ ಚೆಟ್ರಿಯನ್ನು ಈ ಮಾರ್ಚ್‌ನಲ್ಲಿ ಮತ್ತೆ ಭಾರತ ತಂಡಕ್ಕೆ ಕರೆಸಿಕೊಂಡವರು ಇದೇ ಮಾರ್ಕೆಜ್. ಗೋವಾ ತಂಡಕ್ಕೂ ಭಾರತ ತಂಡಕ್ಕೂ ಆಗ ಅವರೊಬ್ಬರೇ ಕೋಚ್. ನಲವತ್ತರ ಚೆಟ್ರಿ ಹಿಂತಿರುಗಿ ಬಂದ ಪಂದ್ಯದಲ್ಲಿಯೇ ಮಾಲ್ಡೀವ್ಸ್ ವಿರುದ್ಧ ಗೋಲು ಹೊಡೆದಿದ್ದರು. ದೇಶಕ್ಕಾಗಿ ಬೇಕಾದವನು ಎರಡೇ ವಾರದಲ್ಲಿ ಎದುರಾಳಿಯಾಗಿ ನಿಂತಿದ್ದ.

ಪಂದ್ಯ ಹೆಚ್ಚು ಹೇಳುವಂಥದ್ದಲ್ಲ. 42ನೆಯ ನಿಮಿಷದಲ್ಲಿ ಗೋವಾದ ಸಂದೇಶ್ ಜಿಂಗನ್ ತಮ್ಮದೇ ಬಲೆಗೆ ಚೆಂಡು ಕಳಿಸಿದ್ದರಿಂದ ಉಡುಗೊರೆ ಗೋಲು ಸಿಕ್ಕಿತು. ಹಿಂದೊಮ್ಮೆ ಅವರು ಬೆಂಗಳೂರಿನ ನೀಲಿ ಅಂಗಿಯನ್ನೇ ತೊಟ್ಟಿದ್ದವರು. ವಿರಾಮದ ನಂತರ ಮೆಂಡೆಜ್ ಎರಡನೆಯದನ್ನು ಹೊಡೆದರು. 2–0. ನವೆಂಬರ್ 2ರಂದು ಮಡಗಾಂವ್‌ನ ಫತೋರ್ಡಾದಲ್ಲಿ ಇದೇ ಗೋವಾ ನಮ್ಮನ್ನು 3–0ಯಿಂದ ಸೋಲಿಸಿತ್ತು, ಅರ್ಮಾಂಡೊ ಸಾದಿಕು ಅದರಲ್ಲೊಂದು ಗೋಲು ಹೊಡೆದಿದ್ದರು. ಅದು ಆ ಋತುವಿನಲ್ಲಿ ನಮ್ಮ ಮೊದಲ ಸೋಲು. ಎರಡನೆಯ ಸುತ್ತಿಗೆ ಅಲ್ಲಿಗೇ ಹೋಗಬೇಕಾಗಿದ್ದರಿಂದ ಎರಡು ಗೋಲುಗಳ ಮುನ್ನಡೆಯನ್ನು ನಂಬಿ ನಿದ್ದೆ ಮಾಡುವಂತಿರಲಿಲ್ಲ. ಗೋವಾಕ್ಕೆ ಟಿಕೆಟ್ ಕಾದಿರಿಸುವ ತೀರ್ಮಾನವನ್ನು ಹುಡುಗ ವಾಪಸು ಬರುವ ದಾರಿಯಲ್ಲೇ ತೆಗೆದುಕೊಂಡ. ನಮ್ಮ ಒಪ್ಪಿಗೆಯನ್ನು ಆಮೇಲೆ ಕೇಳಿದ.

ಏಪ್ರಿಲ್ 5, ಶನಿವಾರ: ರೈಲಿನಲ್ಲಿ

ಯಶವಂತಪುರದಿಂದ ವಾಸ್ಕೋಗೆ ಹೋಗುವ ರೈಲು ತುಮಕೂರಿನಲ್ಲಿ ನಿಲ್ಲುತ್ತದೆ. ಗುಬ್ಬಿ, ತಿಪಟೂರು, ಅರಸೀಕೆರೆ ಎಂದು ತೆಂಗಿನ ತೋಟಗಳ ನಡುವೆ ಸಂಜೆಯಾಯಿತು. ನೀಲಿ ಅಂಗಿಯ ನಾಲ್ಕಾರು ಹುಡುಗರು ಪಕ್ಕದ ಬೋಗಿಯಲ್ಲಿದ್ದರು, ದಾವಣಗೆರೆಯಲ್ಲಿ ಇನ್ನಿಬ್ಬರು ಸೇರಿದರು. ಬೆಂಗಳೂರಿನ ಹೆಸರಿನ ತಂಡಕ್ಕೆ ಬೆಂಗಳೂರಿನಾಚೆಗೂ ಜನರಿದ್ದಾರೆ ಎಂಬುದು ಕ್ಲಬ್ಬಿನವರಿಗೆ ಎಷ್ಟು ಗೊತ್ತಿದೆಯೋ.

ರಾತ್ರಿ ಊಟವಾದ ಮೇಲೆ ಋತುವನ್ನು ಮೊದಲಿನಿಂದ ತಿರುವಿ ಹಾಕಿದೆವು. ಮೊದಲ ಐದು ಪಂದ್ಯಗಳಲ್ಲಿ ನಮ್ಮ ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು ಒಂದೇ ಒಂದು ಗೋಲನ್ನೂ ಬಿಟ್ಟುಕೊಟ್ಟಿರಲಿಲ್ಲ. ಸೆಪ್ಟೆಂಬರ್ 14ರಂದು ಈಸ್ಟ್ ಬೆಂಗಾಲ್ ವಿರುದ್ಧ ಗೆಲುವಿನ ಗೋಲು ಹೊಡೆದದ್ದು ಕ್ಲಬ್ಬಿನ ಅಕಾಡೆಮಿಯಲ್ಲೇ ಬೆಳೆದ ಹದಿಹರೆಯದ ವಿನೀತ್ ವೆಂಕಟೇಶ್. ಸೆಪ್ಟೆಂಬರ್ 28ರಂದು ಕಂಠೀರವದಲ್ಲಿ ಮೋಹನ್ ಬಾಗನ್ 3–0ಯಿಂದ ಸೋತಿತು. ಇಡೀ ಲೀಗಿನಲ್ಲಿ ಆ ತಂಡ ಸೋತದ್ದೇ ಎರಡು ಪಂದ್ಯ, ಅದರಲ್ಲಿ ಇದೊಂದು. ಅದೇ ಪಂದ್ಯದ ಪೆನಾಲ್ಟಿಯೊಡನೆ ಚೆಟ್ರಿ 64 ಗೋಲುಗಳಿಗೆ ಏರಿ, ಬಾರ್ತೊಲೊಮ್ಯು ಒಗ್ಬೆಚೆಯನ್ನು ಹಿಂದೆ ಹಾಕಿ, ಸೂಪರ್ ಲೀಗಿನ ಸಾರ್ವಕಾಲಿಕ ಗೋಲುಗಳ ಪಟ್ಟಿಯಲ್ಲಿ ಮೇಲೆ ನಿಂತರು. ಡಿಸೆಂಬರ್ 7ರಂದು ಕೇರಳ ಬ್ಲಾಸ್ಟರ್ಸ್ ವಿರುದ್ಧ 4–2ರ ಗೆಲುವಿನಲ್ಲಿ ಅವರದು ಹ್ಯಾಟ್ರಿಕ್.

“ಆಮೇಲೆ ಜನವರಿ ಹೇಳೋ” ಎಂದರು ಮೇಷ್ಟ್ರು.

ಜನವರಿಯನ್ನು ಹೇಳಲು ಹುಡುಗನಿಗೆ ಇಷ್ಟವಿರಲಿಲ್ಲ. ಜಮ್ಶೆಡ್‌ಪುರದಲ್ಲಿ ಸೋಲು; 11ರಂದು ತವರಿನಲ್ಲೇ, ಕೊನೆಗೆ ಪಟ್ಟಿಯ ತಳದಲ್ಲಿ ನಿಂತ ಮೊಹಮ್ಮಡನ್ ತಂಡದೆದುರು ಕೊನೆಯ ನಿಮಿಷಗಳಲ್ಲಿ ಬಿದ್ದ ಒಂದೇ ಗೋಲಿನಿಂದ ಸೋಲು; ನಂತರ ಒಡಿಶಾ, ಮೋಹನ್ ಬಾಗನ್. ಅಗ್ರಸ್ಥಾನದೊಡನೆ ಇದ್ದ ಹದಿನೆಂಟು ಅಂಕಗಳ ಅಂತರ ಬೆಳೆದದ್ದು ಆ ತಿಂಗಳಲ್ಲಿ. ಲೀಗ್ ಎಂದರೆ ಒಳ್ಳೆಯ ದಿನ ಎಷ್ಟು ಚೆನ್ನಾಗಿ ಆಡುತ್ತೀರಿ ಎಂಬುದಲ್ಲ, ಕೆಟ್ಟ ತಿಂಗಳಲ್ಲಿ ಎಷ್ಟು ಅಂಕ ಉಳಿಸಿಕೊಳ್ಳುತ್ತೀರಿ ಎಂಬುದು. ಈ ಮಾತಿನಲ್ಲಿ ನಾನು ಪೂರ್ತಿಯಾಗಿ ಮೇಷ್ಟ್ರ ಪಕ್ಷ.

ಏಪ್ರಿಲ್ 6, ಭಾನುವಾರ: ಮಡಗಾಂವ್

ನಸುಕಿನಲ್ಲಿ ಇಳಿದೆವು. ದೂಧ್‌ಸಾಗರವನ್ನು ಕತ್ತಲಲ್ಲಿ ದಾಟಿದ್ದರಿಂದ ಕಾಣಲಿಲ್ಲ. ಏಪ್ರಿಲಿನಲ್ಲಿ ಕಂಡಿದ್ದರೂ ನೀರು ಅಷ್ಟಕ್ಕಷ್ಟೇ. ಅಂದು ರಾಮನವಮಿ. ತುಮಕೂರಿನಲ್ಲಾಗಿದ್ದರೆ ಬೀದಿಗೊಂದು ಪಾನಕದ ಕೊಳಗ ಇರುತ್ತಿತ್ತು. ಇಲ್ಲಿ ಒಂದು ಲಾಡ್ಜ್‌ನಲ್ಲಿ ಮಲಗೆದ್ದು, ಬಿಸಿಲು ಇಳಿಯುವವರೆಗೆ ಫ್ಯಾನಿನ ಕೆಳಗೆ ಕೂತೆವು.

ಫತೋರ್ಡಾದ ಜವಾಹರಲಾಲ್ ನೆಹರೂ ಕ್ರೀಡಾಂಗಣ 1989ರಿಂದ ಇದೆ. ಕಂಠೀರವಕ್ಕಿಂತ ಚಿಕ್ಕದು, ಫುಟ್‌ಬಾಲ್ ನೋಡಲು ಅದಕ್ಕಿಂತ ಉತ್ತಮ. ಓಟದ ಪಥವಿಲ್ಲದೆ ಗ್ಯಾಲರಿ ಹುಲ್ಲಿನ ಅಂಚಿಗೇ ಬಂದು ನಿಂತಿದೆ, ಗೋಲ್‌ಕೀಪರ್ ಕೂಗುವುದು ಕೂಡ ಕೇಳುತ್ತದೆ. ಗೋವಾದಲ್ಲಿ ಫುಟ್‌ಬಾಲ್ ಪ್ರತಿ ಹಳ್ಳಿಯ ಆಟ. ಚರ್ಚಿನ ಪಕ್ಕದಲ್ಲಿ, ಗದ್ದೆ ಒಣಗಿದ ಮೇಲೆ ಗದ್ದೆಯಲ್ಲಿ, ಎಲ್ಲೆಡೆ ಗೋಲಿನ ಕಂಬಗಳು ಕಾಣುತ್ತವೆ. ನಮ್ಮ ಜಿಲ್ಲೆಯ ಮೈದಾನಗಳಲ್ಲಿ ಸಂಜೆ ಹತ್ತು ಕ್ರಿಕೆಟ್ ಪಂದ್ಯಗಳು ಒಂದರೊಳಗೊಂದು ಹೆಣೆದುಕೊಂಡು ನಡೆಯುತ್ತಿರುತ್ತವೆ. ಗೋಲಿನ ಕಂಬವಿದ್ದರೆ ಅದಕ್ಕೆ ಬಟ್ಟೆಯ ಚೀಲ ನೇತುಹಾಕಿರುತ್ತಾರೆ. ಮೇಷ್ಟ್ರು ಈ ವಿಷಯದಲ್ಲಿ ಮಾತ್ರ ಏನನ್ನೂ ಹೇಳಲಿಲ್ಲ, ಸುಮ್ಮನೆ ನೋಡಿಕೊಂಡು ಬಂದರು.

ಎದುರಾಳಿಗಳ ಬೆಂಬಲಿಗರಿಗೆಂದು ಬಿಟ್ಟ ಮೂಲೆಯಲ್ಲಿ ನಮ್ಮನ್ನು ಕೂರಿಸಿದರು. ಮೊದಲರ್ಧ ಗೋಲಿಲ್ಲದೆ ಕಳೆಯಿತು. ವಿರಾಮ ಮುಗಿದು ನಾಲ್ಕೇ ನಿಮಿಷಕ್ಕೆ ಬೋರ್ಹಾ ಹೆರೇರಾ ಗೋಲು ಹೊಡೆದಾಗ ಒಟ್ಟು ಲೆಕ್ಕ 2–1ಕ್ಕೆ ಇಳಿಯಿತು. ಅಲ್ಲಿಂದ ಮುಂದೆ ನಲವತ್ತು ನಿಮಿಷ ಬೆಂಗಳೂರು ತಂಡ ಆಡಿದ್ದು ಫುಟ್‌ಬಾಲ್ ಅಲ್ಲ, ಕಾವಲು. ಚೆಂಡು ಸಿಕ್ಕರೆ ದೂರ ಒದೆಯುವುದು, ಮತ್ತೆ ಬಂದರೆ ಮತ್ತೆ ಒದೆಯುವುದು. ಎರಡು ಗೋಲಿನ ಮುನ್ನಡೆಯನ್ನು ಕಾಯಲು ಹೊರಟ ತಂಡ ತನ್ನ ಆಟವನ್ನೇ ಮರೆಯುತ್ತದೆ. ಕೋಚ್ ಜೆರಾರ್ಡ್ ಜರಗೋಜಾ ಗೆರೆಯ ಅಂಚಿನಲ್ಲಿ ಎರಡೂ ಕೈಗಳಿಂದ ‘ಮುಂದೆ ಹೋಗಿ’ ಎಂದು ತೋರಿಸುತ್ತಲೇ ಇದ್ದರು, ಆದರೆ ಯಾರ ಕಾಲೂ ಮುಂದೆ ಹೋಗುತ್ತಿರಲಿಲ್ಲ. ಕಾದಿದ್ದಂತೆಯೇ 88ನೆಯ ನಿಮಿಷದಲ್ಲಿ ಸಾದಿಕು ಹೊಡೆದರು. ಒಟ್ಟು 2–2. ಕ್ರೀಡಾಂಗಣದ ಉಳಿದ ಮೂರು ಬದಿಗಳು ಎದ್ದು ನಿಂತವು. ನಮ್ಮ ಮೂಲೆಯಲ್ಲಿ ಒಬ್ಬ ಆಗಲೇ ಫೋನ್ ತೆಗೆದು ವಾಪಸು ರೈಲಿನ ಸಮಯ ನೋಡುತ್ತಿದ್ದ. ಹೆಚ್ಚುವರಿ ಸಮಯಕ್ಕೆ ಹೋದರೆ ರೈಲು ತಪ್ಪುತ್ತದೆಯೇ ಎಂಬುದು ಅವನ ಚಿಂತೆ.

ಆಮೇಲೆ ನಡೆದದ್ದನ್ನು ನಿಧಾನವಾಗಿ ಹೇಳಬೇಕು. ತೊಂಬತ್ತು ನಿಮಿಷ ದಾಟಿತ್ತು. ಚೆಂಡು ಬಲಬದಿಯಲ್ಲಿ ನಾಮ್‌ಗ್ಯಾಲ್ ಭುಟಿಯಾ ಅವರ ಬಳಿ ಇತ್ತು. ಗೋಲಿನ ಮುಂದೆ ಗೋವಾದವರು ಸಾಕಷ್ಟು ಮಂದಿ ಇದ್ದರು. ಚೆಟ್ರಿ ಓಡಿ ಬಂದು ಜಾಗ ಹಿಡಿಯಲಿಲ್ಲ. ಅವರು ಮಾಡಿದ್ದು ಅದರ ತಿರುವುಮುರುವು: ಎಲ್ಲರೂ ಗೋಲಿನತ್ತ ಒತ್ತಿಕೊಂಡು ಹೋಗುತ್ತಿದ್ದಾಗ ಅವರ ನಡಿಗೆ ತಡವಾಯಿತು, ಆ ತಡದಿಂದಲೇ ಅವರಿಗೂ ಕಾವಲುಗಾರರಿಗೂ ನಡುವೆ ಒಂದು ಹೆಜ್ಜೆಯಷ್ಟು ಬಯಲು ಹುಟ್ಟಿತು. ಕ್ರಾಸ್ ಬಂದದ್ದು ಆ ಬಯಲಿಗೆ. ಎತ್ತರದ ಆಳಲ್ಲ ಅವರು. ಎತ್ತರ ಬೇಕಾಗಲೂ ಇಲ್ಲ. ತಲೆ ಕೊಟ್ಟರು, ಚೆಂಡು ಬಲೆಗೆ ಹೋಯಿತು. 92ನೆಯ ನಿಮಿಷ. ಪಂದ್ಯದಲ್ಲಿ 2–1ರ ಸೋಲು, ಒಟ್ಟು ಲೆಕ್ಕದಲ್ಲಿ 3–2ರ ಗೆಲುವು, ಬೆಂಗಳೂರು ಫೈನಲಿಗೆ.

ಹುಡುಗ ಏನೇನು ಕೂಗಿದನೋ ನೆನಪಿಲ್ಲ. ನನ್ನ ಕಣ್ಣು ಮಾರ್ಕೆಜ್ ಮೇಲಿತ್ತು. ಅವರು ಎರಡು ಕೈಯನ್ನೂ ಜೇಬಿನಲ್ಲಿಟ್ಟುಕೊಂಡು ನಿಂತಿದ್ದರು. ನಲವತ್ತರ ಮನುಷ್ಯನನ್ನು ಭಾರತ ತಂಡಕ್ಕೆ ವಾಪಸು ಕರೆದದ್ದು ಸರಿಯೇ ಎಂದು ಎರಡು ವಾರದಿಂದ ದೇಶವೆಲ್ಲ ಚರ್ಚಿಸುತ್ತಿತ್ತು. ಆ ಪ್ರಶ್ನೆಗೆ ಅವರಿಗೆ ಬೇಕಾದ ಉತ್ತರ, ಬೇಡವಾದ ರಾತ್ರಿಯಲ್ಲಿ ಸಿಕ್ಕಿತ್ತು.

ಆದರೆ ಹೊರಬರುವಾಗ ಮೇಷ್ಟ್ರು ಎತ್ತಿದ ಮಾತೂ ನಿಜವೇ. ಆ ಋತುವಿನಲ್ಲಿ ಭಾರತೀಯ ಆಟಗಾರರಲ್ಲಿ ಅತಿ ಹೆಚ್ಚು, 14 ಗೋಲು ಹೊಡೆದದ್ದು ಚೆಟ್ರಿ. ಅದು ಅವರ ಹೆಗ್ಗಳಿಕೆ, ಹಾಗೆಯೇ ಉಳಿದ ಹನ್ನೆರಡು ಕ್ಲಬ್ಬುಗಳ ಮುನ್ಪಡೆಗೆ ನಾಚಿಕೆ. ಎಲ್ಲ ತಂಡಗಳೂ ಮುಂದಿನ ಜಾಗಕ್ಕೆ ವಿದೇಶಿಯನ್ನು ತಂದು ನಿಲ್ಲಿಸಿದರೆ ಇಪ್ಪತ್ತೆರಡರ ಹುಡುಗ ಎಲ್ಲಿ ಕಲಿಯಬೇಕು?

ಏಪ್ರಿಲ್ 7, ಸೋಮವಾರ: ತುಮಕೂರು

ರಾತ್ರಿಯ ರೈಲು ಸಿಕ್ಕಿತು, ಮಧ್ಯಾಹ್ನ ಊರು. ಸಂಜೆ ಟಿವಿಯ ಮುಂದೆ ಇನ್ನೊಂದು ಸೆಮಿಫೈನಲ್. ಮೊದಲ ಸುತ್ತಿನಲ್ಲಿ 2–1ರಿಂದ ಗೆದ್ದಿದ್ದ ಜಮ್ಶೆಡ್‌ಪುರ, ಕೋಲ್ಕತ್ತದಲ್ಲಿ ಮೋಹನ್ ಬಾಗನ್‌ನ ಕಮ್ಮಿಂಗ್ಸ್ ಪೆನಾಲ್ಟಿಯ ನಂತರವೂ ಹೆಚ್ಚುವರಿ ಸಮಯದ ಹೊಸ್ತಿಲವರೆಗೆ ಹಿಡಿದು ನಿಂತಿತ್ತು. ತೊಂಬತ್ತು ನಿಮಿಷ ಮುಗಿದು ಸೇರಿಸಿದ ಗಾಯದ ಸಮಯದಲ್ಲಿ ಅದೇ ತಂಡದ ಅಪುಯಾ ದೂರದಿಂದ ಹೊಡೆದ ಚೆಂಡು ಕೆಲಸ ಮುಗಿಸಿತು. ಅಲ್ಲಿಗೆ ಫೈನಲ್ ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲೇ ಎಂದಾಯಿತು. ಅಂಕಪಟ್ಟಿಯಲ್ಲಿ ಮೇಲಿದ್ದ ತಂಡಕ್ಕೆ ಫೈನಲ್ ತವರಿನಲ್ಲಿ ಸಿಗುತ್ತಿತ್ತು; ಲೀಗಿಗೆ ಈ ಮಟ್ಟಿಗಾದರೂ ಮರ್ಯಾದೆ ಇತ್ತು. ಆ ಋತುವಿನ ಲೀಗಿನಲ್ಲಿ ಮೋಹನ್ ಬಾಗನ್ ತವರಿನಲ್ಲಿ ಒಂದು ಪಂದ್ಯವನ್ನೂ ಸೋತಿರಲಿಲ್ಲ.

ಏಪ್ರಿಲ್ 10 ಮತ್ತು 11: ಬೆಂಗಳೂರಿನಿಂದ ಹೌರಾ

ಅಕ್ಕ ಫೋನ್ ಮಾಡಿ, “ಪರೀಕ್ಷೆ ಹತ್ತಿರ ಬಂತು, ನೀನಾದರೂ ಬುದ್ಧಿ ಹೇಳಬಾರದೇನೋ” ಎಂದಳು. ರೈಲಿನಲ್ಲಿ ಓದಿಸುತ್ತೇನೆ ಎಂದು ಮೇಷ್ಟ್ರು ವಹಿಸಿಕೊಂಡಿದ್ದರಿಂದ ಹುಡುಗನಿಗೆ ಅನುಮತಿ ಸಿಕ್ಕಿತು. ಗುರುವಾರ ಬೆಳಿಗ್ಗೆ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ಹೊರಟು, ರೇಣಿಗುಂಟ, ವಿಜಯವಾಡ ದಾಟಿ, ಶುಕ್ರವಾರ ಬೆಳಗಾದ ಮೇಲೆ ಚಿಲಿಕಾ ಸರೋವರವನ್ನು ಕಿಟಕಿಯ ಒಂದೇ ಬದಿಯಲ್ಲಿ ಬಹಳ ಹೊತ್ತು ನೋಡಿದೆವು. ಪುಸ್ತಕ ಎರಡು ಬಾರಿ ತೆರೆಯಿತು.

ಹೌರಾದಲ್ಲಿ ಇಳಿದಾಗ ರಾತ್ರಿ. ಅಲ್ಲಿಂದ ಎಸ್ಪ್ಲನೇಡಿಗೆ ಮೆಟ್ರೊ ಇದೆ. 2024ರ ಮಾರ್ಚ್‌ನಲ್ಲಿ ಜನರಿಗೆ ತೆರೆದ ಈ ಮಾರ್ಗ ಹೂಗ್ಲಿ ನದಿಯ ತಳದಡಿಯಲ್ಲಿ ಸಾಗುತ್ತದೆ. ನದಿಯಡಿಯ ಆ ಭಾಗದಲ್ಲಿ ಸುರಂಗಕ್ಕೆ ನೀಲಿ ದೀಪ ಹಾಕಿದ್ದಾರೆ. ನೀಲಿ ನಮ್ಮ ಬಣ್ಣ ಎಂದು ಹುಡುಗ ಶಕುನ ತೆಗೆದ.

ಏಪ್ರಿಲ್ 12, ಶನಿವಾರ: ಕೋಲ್ಕತ್ತ

ಬೆಳಿಗ್ಗೆ ಮೈದಾನದತ್ತ ಹೋದೆವು. ಕೋಲ್ಕತ್ತದ ಜನ ‘ಮೈದಾನ’ ಎಂದೇ ಕರೆಯುವ ಆ ವಿಶಾಲ ಬಯಲಿನ ಅಂಚಿನಲ್ಲಿ ಮೋಹನ್ ಬಾಗನ್, ಈಸ್ಟ್ ಬೆಂಗಾಲ್, ಮೊಹಮ್ಮಡನ್ ಮೂರೂ ಕ್ಲಬ್ಬುಗಳ ಮೈದಾನಗಳು ನಡೆದು ಹೋಗುವಷ್ಟು ಹತ್ತಿರದಲ್ಲಿವೆ. ಮೋಹನ್ ಬಾಗನ್ ಸ್ಥಾಪನೆಯಾದದ್ದು 1889ರಲ್ಲಿ. 1911ರಲ್ಲಿ ಐಎಫ್‌ಎ ಶೀಲ್ಡ್ ಫೈನಲಿನಲ್ಲಿ ಬ್ರಿಟಿಷ್ ಸೇನೆಯ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟ್ ತಂಡವನ್ನು 2–1ರಿಂದ ಸೋಲಿಸಿದಾಗ ಅದರ ಹೆಚ್ಚಿನ ಆಟಗಾರರು ಬರಿಗಾಲಿನಲ್ಲಿದ್ದರು. ನಮ್ಮ ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಕ್ಲಬ್ಬಿನ ಗೇಟಿನ ಬಳಿ ಹಸಿರು-ಕೆಂಗಂದು ಬಣ್ಣದ ಅಂಗಿಯ ವೃದ್ಧರೊಬ್ಬರು ಮೇಷ್ಟ್ರ ಜೊತೆ ಹಿಂದಿಯಲ್ಲಿ ಮಾತಿಗಿಳಿದರು. ಚೆಟ್ರಿ ನಮ್ಮ ಹುಡುಗ, 2002ರಲ್ಲಿ ವೃತ್ತಿ ಶುರುಮಾಡಿದ್ದು ಇಲ್ಲಿಯೇ, ಅವನು ಗೋಲು ಹೊಡೆದರೆ ಬೇಸರವಿಲ್ಲ, ಆದರೆ ಒಂದೇ ಹೊಡೆಯಲಿ ಎಂದರು.

ಸಿಯಾಲ್ದಾಗೆ ಬಸ್ಸಿನಲ್ಲಿ ಹೋಗಿ ಅಲ್ಲಿಂದ ಮತ್ತೆ ಮೆಟ್ರೊ ಹಿಡಿದು ಸಾಲ್ಟ್ ಲೇಕ್ ಸ್ಟೇಡಿಯಂ ನಿಲ್ದಾಣದಲ್ಲಿ ಇಳಿದೆವು. ಬಾಗಿಲು ತೆರೆದಾಗಲೆಲ್ಲ ಬಿಸಿಗಾಳಿಯೊಡನೆ ಇನ್ನಷ್ಟು ಹಸಿರು ಅಂಗಿಗಳು ಒಳಬರುತ್ತಿದ್ದವು. 1984ರಲ್ಲಿ ತೆರೆದ ವಿವೇಕಾನಂದ ಯುವ ಭಾರತಿ ಕ್ರೀಡಾಂಗಣಕ್ಕೆ ಹಿಂದೆ ಲಕ್ಷಕ್ಕೂ ಹೆಚ್ಚು ಜನ ಹಿಡಿಸುತ್ತಿದ್ದರು. 2017ರ ಹದಿನೇಳರ ವಯೋಮಿತಿಯ ವಿಶ್ವಕಪ್ಪಿಗಾಗಿ ನವೀಕರಿಸಿದ ಮೇಲೆ ಸುಮಾರು 68,000. ಹತ್ತು ತಿಂಗಳ ಹಿಂದೆ ಚೆಟ್ರಿ ಕಣ್ಣೀರಿನೊಡನೆ ಭಾರತ ತಂಡಕ್ಕೆ ವಿದಾಯ ಹೇಳಿದ್ದು ಇದೇ ಹುಲ್ಲಿನ ಮೇಲೆ. ನಮ್ಮ ನೀಲಿಯವರು ಒಂದು ಮೂಲೆಯಲ್ಲಿ ಬೆರಳೆಣಿಕೆಯಷ್ಟು. ಅಂದು ಚೈತ್ರ ಹುಣ್ಣಿಮೆ, ಬೆಂಗಳೂರಿನಲ್ಲಿ ಕರಗ. “ಕರಗ ಬಿಟ್ಟು ಬಂದಿದ್ದೀವಿ ಸಾರ್, ಧರ್ಮರಾಯ ಸ್ವಾಮಿ ಕ್ಷಮಿಸಬೇಕು” ಎಂದ ತಿಗಳರಪೇಟೆಯ ಒಬ್ಬ ಯುವಕ, ಮಾತು ಮಾತಿಗೂ ಫೋನಿನಲ್ಲಿ ಗುಡಿಯ ಮುಂದಿನ ದೃಶ್ಯ ನೋಡಿಕೊಳ್ಳುತ್ತಿದ್ದ.

ಮೊದಲರ್ಧದಲ್ಲಿ ಉತ್ತಮವಾಗಿ ಆಡಿದ್ದು ಬೆಂಗಳೂರು. ಇದು ಅಭಿಮಾನದ ಮಾತಲ್ಲ. ಪಕ್ಕದ ಗ್ಯಾಲರಿಯ ಗದ್ದಲ ತಗ್ಗಿದ್ದೇ ಅದಕ್ಕೆ ಗುರುತು. ವಿರಾಮ ಮುಗಿದು ನಾಲ್ಕನೆಯ ನಿಮಿಷದಲ್ಲಿ ವಿಲಿಯಮ್ಸ್ ಬಲಬದಿಯಿಂದ ಗೋಲಿನೆದುರು ತೂರಿದ ಚೆಂಡನ್ನು ಆಚೆ ದಾಟಿಸಲು ಹೋದ ಆಲ್ಬರ್ಟೊ ರಾಡ್ರಿಗಸ್ ತಮ್ಮದೇ ಬಲೆಗೆ ಕಳಿಸಿದರು. ಅರವತ್ತು ಸಾವಿರಕ್ಕೆ ಹತ್ತಿರದ ಜನಸಮೂಹ ಸುಮ್ಮನಾದಾಗ ನಮ್ಮ ಮೂಲೆಯ ಒಂದು ಡೋಲಿನ ಸದ್ದು ಇಡೀ ಕ್ರೀಡಾಂಗಣದಲ್ಲಿ ಕೇಳಿಸಿತು.

ಹದಿನೆಂಟು ಅಂಕ ಹಿಂದಿದ್ದ ತಂಡ ಈಗ ಒಂದು ಗೋಲು ಮುಂದಿತ್ತು, ಅದೂ ಇಪ್ಪತ್ತಮೂರು ನಿಮಿಷಗಳವರೆಗೆ. ಆ ಇಪ್ಪತ್ತಮೂರು ನಿಮಿಷಗಳಲ್ಲಿ ಮೇಷ್ಟ್ರೂ ಪ್ಲೇಆಫ್ ವಿರುದ್ಧ ಒಂದು ಮಾತನ್ನೂ ಆಡಲಿಲ್ಲ ಎಂಬುದನ್ನು ದಾಖಲಿಸುತ್ತೇನೆ. ಆದರೆ ಫತೋರ್ಡಾದ ಕಾಯಿಲೆ ಮರುಕಳಿಸಿತು. ಮುನ್ನಡೆ ಸಿಕ್ಕ ಕೂಡಲೇ ತಂಡ ಹತ್ತು ಗಜ ಹಿಂದೆ ಸರಿಯಿತು. ಮೋಹನ್ ಬಾಗನ್ ಕೋಚ್ ಹೊಸೆ ಮೊಲಿನಾ ಅದನ್ನು ಕಂಡು ತಮ್ಮ ಬದಲಿ ಆಟಗಾರರನ್ನು ಒಬ್ಬೊಬ್ಬರಾಗಿ ಇಳಿಸಿದರು. ಲೀಗಿನ ಅಂತರ ಎಲ್ಲಿದೆ ಎಂಬುದು ಆಗ ಕಣ್ಣಿಗೆ ಕಂಡಿತು. ಅದು ಹನ್ನೊಂದು ಜನರಲ್ಲಿರಲಿಲ್ಲ, ಬೆಂಚಿನಲ್ಲಿತ್ತು. ಅವರ ಬದಲಿ ಆಟಗಾರರು ಬೇರೆ ಯಾವ ತಂಡದಲ್ಲಾದರೂ ಮೊದಲ ಹನ್ನೊಂದರಲ್ಲಿ ಇರಬೇಕಾದವರು. ನಮ್ಮಲ್ಲಿ ದಣಿದವನು ಹೊರಬಂದರೆ ಒಳಹೋಗುವವನು ಅವನಿಗಿಂತ ಒಂದು ಮೆಟ್ಟಿಲು ಕೆಳಗಿನವನು. 24 ಪಂದ್ಯಗಳ ಋತುವಿನಲ್ಲಿ ಈ ವ್ಯತ್ಯಾಸ ಅಂಕಗಳಾಗಿ ಕೂಡುತ್ತ ಹೋಗುತ್ತದೆ. 120 ನಿಮಿಷಗಳ ಪಂದ್ಯದಲ್ಲಿ ಕಾಲಿನ ಸೆಳೆತವಾಗಿ ಕಾಣಿಸಿಕೊಳ್ಳುತ್ತದೆ.

72ನೆಯ ನಿಮಿಷದಲ್ಲಿ ಪೆಟ್ಟಿಗೆಯೊಳಗೆ ಚಿಂಗ್ಲೆನ್‌ಸಾನಾ ಸಿಂಗ್ ಅವರ ಕೈಗೆ ಚೆಂಡು ತಾಗಿತು. ನಾವು ಕೂತ ಮೂಲೆಯಿಂದ ಏನೂ ಕಾಣಲಿಲ್ಲ. ರೆಫರಿಯ ಬೆರಳು ಬಿಳಿ ಚುಕ್ಕೆಯತ್ತ ಹೋದದ್ದಷ್ಟೇ ಕಂಡಿತು. ಕಮ್ಮಿಂಗ್ಸ್ ಹೊಡೆದರು, ಗುರುಪ್ರೀತ್‌ಗೆ ಸಿಗಲಿಲ್ಲ. 1–1ರಲ್ಲಿ ತೊಂಬತ್ತು ನಿಮಿಷ ಮುಗಿಯಿತು. ಹೆಚ್ಚುವರಿ ಸಮಯದ ಆರನೆಯ ನಿಮಿಷದಲ್ಲಿ ಜೇಮಿ ಮೆಕ್ಲಾರೆನ್ ಹತ್ತಿರದಿಂದ ಒಳಗೆ ತಳ್ಳಿದ ಚೆಂಡಿನ ಜೊತೆ ಪಂದ್ಯ ಮುಗಿಯಿತೆಂದೇ ಹೇಳಬೇಕು, ಇನ್ನೂ ಇಪ್ಪತ್ತನಾಲ್ಕು ನಿಮಿಷ ಉಳಿದಿದ್ದರೂ. 2–1. ಶೀಲ್ಡ್ ಮತ್ತು ಕಪ್ ಎರಡನ್ನೂ ಒಂದೇ ಋತುವಿನಲ್ಲಿ ಗೆದ್ದ ಎರಡನೆಯ ತಂಡ ಮೋಹನ್ ಬಾಗನ್. ಮೊದಲನೆಯದು 2020-21ರ ಮುಂಬೈ ಸಿಟಿ.

“ಈಗ ಸಮಾಧಾನವಾಯಿತಾ ಮೇಷ್ಟ್ರೇ? ಪಟ್ಟಿಯಲ್ಲಿ ಮೊದಲು ಬಂದವರೇ ಗೆದ್ದರು” ಎಂದ ಹುಡುಗ, ಸ್ವಲ್ಪ ಕಹಿಯಾಗಿಯೇ.

“ಸಮಾಧಾನ ಎಲ್ಲಿಂದ ಬಂತೋ? ನಾನು ಹೇಳಿದ್ದು ನ್ಯಾಯದ ಮಾತು. ಗೆಲ್ಲಬೇಕಿದ್ದುದು ನಾವೇ ತಾನೇ” ಎಂದರು ಅವರು.

ಏಪ್ರಿಲ್ 13ರಿಂದ 15: ವಾಪಸು

ಭಾನುವಾರ ರಾತ್ರಿಯ ರೈಲಿನವರೆಗೆ ಸಮಯವಿತ್ತು. ಬಂಗಾಳಿ ಹೊಸ ವರ್ಷಕ್ಕೆ ಎರಡೇ ದಿನವಿದ್ದುದರಿಂದ ಗಡಿಯಾಹಾಟ್ ರಸ್ತೆಯಲ್ಲಿ ಚೈತ್ರದ ಮಾರಾಟದ ಜನಜಂಗುಳಿ, ಬಟ್ಟೆಯಂಗಡಿಗಳ ನಡುವೆ ಹಸಿರು ಬಾವುಟಗಳು. ಅಕ್ಕನಿಗೆ ಒಂದು ಹತ್ತಿಯ ಸೀರೆ ಕೊಂಡೆವು. ಪರೀಕ್ಷೆಯ ವಿಷಯದಲ್ಲಿ ಅದರಿಂದ ಸ್ವಲ್ಪ ಉಪಕಾರವಾದೀತೆಂಬ ಲೆಕ್ಕಾಚಾರ ಹುಡುಗನದು.

ಸೋಮವಾರ ಬೆಳಗಿನ ಜಾವ ಭುವನೇಶ್ವರದಲ್ಲಿ ರೈಲು ನಿಂತಾಗ ಅವನು ಮೇಲಿನ ಬರ್ತಿನಿಂದ ತಲೆ ಇಳಿಬಿಟ್ಟ. “ಮಾಮ, 20ನೆಯ ತಾರೀಕಿನಿಂದ ಇಲ್ಲೇ ಸೂಪರ್ ಕಪ್. ಗೆದ್ದವರಿಗೆ ಏಷ್ಯಾದ ಟೂರ್ನಿಯ ಅರ್ಹತಾ ಪಂದ್ಯ ಸಿಗುತ್ತದೆ.” ಅದೂ ಮೊದಲ ಪಂದ್ಯದಿಂದಲೇ ನಾಕೌಟ್ ಎಂದು ತಿಳಿದು ಮೇಷ್ಟ್ರು ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡರು. ನಾವು ಯಾರೂ ಹೋಗಲಿಲ್ಲ. ಬೆಂಗಳೂರು ತಂಡ ಎರಡನೆಯ ದರ್ಜೆಯ ಐ-ಲೀಗಿನ ಇಂಟರ್ ಕಾಶಿ ಎದುರು ಪೆನಾಲ್ಟಿಯಲ್ಲಿ ಸೋತು ಮೊದಲ ಪಂದ್ಯದಲ್ಲೇ ಹೊರಬಿತ್ತು. ಮೇ 3ರ ಫೈನಲಿನಲ್ಲಿ ಜಮ್ಶೆಡ್‌ಪುರವನ್ನು 3–0ಯಿಂದ ಸೋಲಿಸಿ ಕಪ್ ಎತ್ತಿದ್ದು, 48 ಅಂಕ ಗಳಿಸಿಯೂ ಫತೋರ್ಡಾದ 92ನೆಯ ನಿಮಿಷದಲ್ಲಿ ಎಲ್ಲವನ್ನೂ ಕಳೆದುಕೊಂಡಿದ್ದ ಗೋವಾ.